ಟ್ರೆಕ್‌ಗೆ ಹೋದಾಗ ಏನು ಕುಡೀಬೇಕು? "ಜಾಸ್ತಿ ನೀರು ಕುಡಿ" ಅನ್ನೋಕೆ ಮುಂಚೆ ಇದನ್ನ ಕೇಳಿ

ಈ ವಾರದ ಎಪಿಸೋಡ್‌ನ ಬರಹ ರೂಪ. ಓದೋಕೆ ಸುಲಭ ಆಗಲಿ ಅಂತ ಮಾತನ್ನ ಅಲ್ಲಲ್ಲಿ ತಿದ್ದಿದ್ದೇವೆ.

ಇವತ್ತಿನ ವಿಷಯ ಹೇಳಿದ್ರೆ "ಇದಕ್ಕೂ ಒಂದು ಎಪಿಸೋಡಾ?" ಅಂತೀರಿ. ಬೆಟ್ಟ ಹತ್ತುವಾಗ ಏನು ಕುಡೀಬೇಕು ಅನ್ನೋದು ವಿಷಯ. ನೀರು ಕುಡೀಬೇಕು, ಇನ್ನೇನು? ನಾನೂ ಹಾಗೇ ಅಂದ್ಕೊಂಡಿದ್ದೆ. ಕಳೆದ ಚಳಿಗಾಲದಲ್ಲಿ ಕುಮಾರ ಪರ್ವತದಿಂದ ಇಳಿಯುವಾಗ ನನ್ನ ಚಿಕ್ಕಪ್ಪನ ಮಗ ಒಂದು ಬಂಡೆ ಮೇಲೆ ಕೂತುಬಿಟ್ಟ. "ಅಕ್ಕಾ, ತಲೆ ಸಿಡೀತಿದೆ, ವಾಂತಿ ಬರೋ ಹಾಗಿದೆ" ಅಂದ. ನಾನು ಮಾಡಿದ ಮೊದಲ ಕೆಲಸ ಅಂದ್ರೆ ನನ್ನ ಬಾಟಲ್ ಅವನ ಕೈಗೆ ಕೊಟ್ಟಿದ್ದು. "ಡೀಹೈಡ್ರೇಷನ್ ಕಣೋ, ಕುಡಿ" ಅಂದೆ. ಪಾಪ, ಅಕ್ಕ ಹೇಳಿದ್ಲು ಅಂತ ಅರ್ಧ ಲೀಟರ್ ಒಂದೇ ಸಲಕ್ಕೆ ಕುಡಿದ.

ಅವನಿಗೆ ಆಗಿದ್ದು ಡೀಹೈಡ್ರೇಷನ್ ಅಲ್ಲ, ಅದರ ಉಲ್ಟಾ. ನಾನು ಕೊಟ್ಟ ನೀರು ಅವನ ಸ್ಥಿತಿಯನ್ನ ಇನ್ನಷ್ಟು ಕೆಡಿಸ್ತು.

ಆ ದಾರಿ ನೋಡಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಕುಕ್ಕೆ ಸುಬ್ರಹ್ಮಣ್ಯದಿಂದ ಶುರು, ತುದಿ 1,712 ಮೀಟರ್, ಹೋಗಿ ಬರೋದು ಸುಮಾರು 25 ಕಿಲೋಮೀಟರ್. ಮೊದಲ ಭಾಗ ದಟ್ಟ ಕಾಡು. ಗಾಳಿಯಲ್ಲಿ ಎಷ್ಟು ತೇವ ಇರುತ್ತೆ ಅಂದ್ರೆ ಬೆವರು ಆರೋದೇ ಇಲ್ಲ, ಅಂಗಿ ಹಿಂಡಿದ್ರೆ ತೊಟ್ಟಿಕ್ಕುತ್ತೆ. ಗಿರಿಗದ್ದೆಯಲ್ಲಿ ಭಟ್ಟರ ಮನೆ, ಟ್ರೆಕ್ ಮಾಡೋರಿಗೆಲ್ಲ ಊಟ ಮಜ್ಜಿಗೆ ಸಿಗುವ ಜಾಗ. ಅದು ದಾಟಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಆದಮೇಲೆ ಬೋಳು ಹುಲ್ಲುಗಾವಲು. ನೆರಳಿಲ್ಲ, ಬಿಸಿಲು ನೇರ ನೆತ್ತಿಗೆ. ಮುಂದೆ ಕಲ್ಲು ಮಂಟಪ, ಶೇಷ ಪರ್ವತ, ಆಮೇಲೆ ತುದಿ.

ನಮ್ಮ ಹುಡುಗ ಆಗಷ್ಟೇ ಫಿಟ್‌ನೆಸ್ ಶುರು ಮಾಡಿದ್ದ. ಬೆಳಿಗ್ಗೆ ಉಪವಾಸ. ಚಿಪ್ಸ್, ಉಪ್ಪಿನಕಾಯಿ ಎಲ್ಲ ಬಂದ್. ಎರಡು ಬಾಳೆಹಣ್ಣು ತಿಂದಿದ್ದ ಅಷ್ಟೇ. ಫೋನಲ್ಲಿ ನೀರು ನೆನಪಿಸೋ ಆ್ಯಪ್, ಹದಿನೈದು ನಿಮಿಷಕ್ಕೊಮ್ಮೆ ಕೈಗಡಿಯಾರ ನಡುಗೋದು, ಇವನು ಕುಡಿಯೋದು. ಬಾಯಾರಿಕೆ ಇದೆಯೋ ಇಲ್ವೋ ಕೇಳೋರಿಲ್ಲ. ನಾವೆಲ್ಲ ಅವನನ್ನ ನೋಡಿ "ಶಿಸ್ತು ಅಂದ್ರೆ ಹೀಗಿರಬೇಕು" ಅಂತಿದ್ವಿ. ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಏಳು ಲೀಟರ್ ಹತ್ತಿರ ಕುಡಿದಿದ್ದ ಅಂತ ಆಮೇಲೆ ಲೆಕ್ಕ ಹಾಕಿದ್ವಿ.

ಅದೃಷ್ಟಕ್ಕೆ ನಮ್ಮ ಹಿಂದೆ ಇಳೀತಿದ್ದ ಇನ್ನೊಂದು ಗುಂಪಲ್ಲಿ ಒಬ್ಬರು ನರ್ಸ್ ಇದ್ರು. ನಿಂತು ನೋಡಿದ್ರು. ನಾನು "ಮೇಡಂ, ನೀರು ಕಮ್ಮಿ ಆಗಿದೆ ಅನ್ಸುತ್ತೆ" ಅಂದೆ. ಅವರು ನನ್ನ ಮಾತಿಗೆ ಉತ್ತರ ಕೊಡದೆ ಅವನನ್ನೇ ಕೇಳಿದ್ರು: "ಬೆಳಿಗ್ಗೆಯಿಂದ ಎಷ್ಟು ಕುಡಿದ್ರಿ? ಎಷ್ಟು ಸಲ ಮೂತ್ರಕ್ಕೆ ಹೋದ್ರಿ? ಯಾವ ಬಣ್ಣ ಇತ್ತು?" ಬೆಳಿಗ್ಗೆ ನಾಲ್ಕೈದು ಸಲ ಹೋಗಿದ್ದ, ನೀರಿನ ಹಾಗೇ ಇತ್ತಂತೆ. ಆಮೇಲೆ ಅವನ ಕೈ ಹಿಡಿದು ನೋಡಿದ್ರು. ಬೆರಳು ಊದಿತ್ತು, ಉಂಗುರ ತಿರುಗ್ತಾನೇ ಇರಲಿಲ್ಲ. "ಇನ್ನು ಒಂದು ಗುಟುಕು ನೀರೂ ಕೊಡ್ಬೇಡಿ. ಉಪ್ಪಿರೋದು ಏನಿದೆ?" ಅಂದ್ರು. ಅವರದ್ದೇ ಡಬ್ಬಿಯಿಂದ ಮಾವಿನ ಉಪ್ಪಿನಕಾಯಿ ತೆಗೆದು ಚಪಾತಿ ಜೊತೆ ಕೊಟ್ಟು, ನಿಧಾನಕ್ಕೆ ಇಳಿಸಿ ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂದ್ರು. ರಾತ್ರಿ ರಕ್ತ ಪರೀಕ್ಷೆಯಲ್ಲಿ ಸೋಡಿಯಂ 128 ಬಂತು. ಇರಬೇಕಾದ್ದು 135ರಿಂದ 145. ಮಾರನೇ ದಿನ ಡಿಸ್ಚಾರ್ಜ್ ಆದ, ಈಗ ಆರಾಮಾಗಿದ್ದಾನೆ. ಆದರೆ ಇದು ವಿಪರೀತಕ್ಕೆ ಹೋದ್ರೆ ಮಿದುಳು ಊದಿಕೊಂಡು ಫಿಟ್ಸ್ ಬರುತ್ತೆ, ಜೀವವೇ ಹೋಗಬಹುದು.

ಆ ದಿನದ ನಂತರ ನಾನು ಈ ವಿಷಯವನ್ನ ಹುಡುಕಿ ಹುಡುಕಿ ಓದಿದೆ. ಅದನ್ನೇ ಇವತ್ತು ಹೇಳ್ತಿರೋದು. ನಾನು ಡಾಕ್ಟರ್ ಅಲ್ಲ, ಬಿ.ಕಾಂ ಓದಿದವಳು, ಅದು ನೆನಪಿರಲಿ.

ಉಪ್ಪಿನ ಲೆಕ್ಕ

ಬೆವರು ನೆಕ್ಕಿ ನೋಡಿದ್ರೆ ಉಪ್ಪುಪ್ಪು. ಅಂದ್ರೆ ನೀರಿನ ಜೊತೆ ಸೋಡಿಯಂ ಹೋಗ್ತಿದೆ ಅಂತ. ಒಂದು ಲೀಟರ್ ಬೆವರಲ್ಲಿ ಸರಾಸರಿ 1 ಗ್ರಾಂ ಹತ್ತಿರ ಸೋಡಿಯಂ ಇರುತ್ತೆ. ಜನರಿಂದ ಜನರಿಗೆ ಇದು ತುಂಬ ಬದಲಾಗುತ್ತೆ, ಕೆಲವರಿಗೆ ಅರ್ಧ ಗ್ರಾಂ, ಕೆಲವರಿಗೆ ಅದರ ಮೂರು ನಾಲ್ಕು ಪಟ್ಟು. ಟ್ರೆಕ್ ಮುಗಿದಮೇಲೆ ಕಪ್ಪು ಟೀ ಶರ್ಟ್ ಮೇಲೆ ಬಿಳಿ ಗೆರೆ ಮೂಡುತ್ತಲ್ಲ, ಅದು ಜಾಸ್ತಿ ಬಂದ್ರೆ ನೀವು ಉಪ್ಪು ಜಾಸ್ತಿ ಕಳ್ಕೊಳ್ಳೋ ಪೈಕಿ.

ಈಗ ನೀರು, ಉಪ್ಪು ಎರಡೂ ಖರ್ಚಾಯ್ತು. ನೀವು ವಾಪಸ್ ಹಾಕಿದ್ದು ಬರೀ ನೀರು. ರಕ್ತದಲ್ಲಿ ಉಳಿದಿರೋ ಉಪ್ಪು ತೆಳುವಾಗುತ್ತೆ, ಸಾರಿಗೆ ನೀರು ಸುರಿದ ಹಾಗೆ. ಸಾಮಾನ್ಯ ದಿನ ಆಗಿದ್ರೆ ಹೆಚ್ಚಾದ ನೀರನ್ನ ಕಿಡ್ನಿ ಹೊರಗೆ ಹಾಕಿಬಿಡುತ್ತೆ. ಆದರೆ ಗಂಟೆಗಟ್ಟಲೆ ದಣಿದಾಗ ದೇಹ ನೀರನ್ನ ಹಿಡಿದಿಟ್ಟುಕೊಳ್ಳೋ ಹಾರ್ಮೋನ್ ಬಿಡುತ್ತೆ. ಕುಡಿದಿದ್ದು ಹೊರಗೆ ಹೋಗೋದಿಲ್ಲ, ಒಳಗೇ ತುಂಬ್ಕೊಳ್ಳುತ್ತೆ. ನಮ್ಮ ಹುಡುಗನ ಬೆರಳು ಊದಿದ್ದು ಅದಕ್ಕೇ. ಇದಕ್ಕೆ ಹೈಪೋನೇಟ್ರೀಮಿಯಾ ಅಂತ ಹೆಸರು.

ಇದು ಎಲ್ಲೋ ಲಕ್ಷಕ್ಕೊಬ್ಬರಿಗೆ ಆಗೋದು ಅಂದ್ಕೋಬೇಡಿ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತ ಪರೀಕ್ಷೆ ಮಾಡಿ, 2005ರಲ್ಲಿ ಅಧ್ಯಯನ ಪ್ರಕಟಿಸಿದ್ರು. ಅವರಲ್ಲಿ ಶೇಕಡಾ 13 ಜನರಿಗೆ ಸೋಡಿಯಂ 135 ಅಥವಾ ಅದಕ್ಕಿಂತ ಕಡಿಮೆ ಇತ್ತು. ನನಗೆ ಆಶ್ಚರ್ಯ ಆಗಿದ್ದು ಬೇರೆ ವಿಷಯ. ಓಡುವ ಮುಂಚೆಗಿಂತ ಓಡಿದಮೇಲೆ ತೂಕ ಜಾಸ್ತಿ ಆದವರಿಗೇ ಇದರ ಅಪಾಯ ಹೆಚ್ಚಿತ್ತು. ನಲವತ್ತೆರಡು ಕಿಲೋಮೀಟರ್ ಓಡಿ ತೂಕ ಏರಿಸ್ಕೊಳ್ಳೋದು ಅಂದ್ರೆ ಎಷ್ಟು ಕುಡಿದಿರಬೇಕು ನೋಡಿ. ಇನ್ನೊಂದು, ಅವರು ಕುಡಿದಿದ್ದು ಸಾದಾ ನೀರಾ, ಸ್ಪೋರ್ಟ್ಸ್ ಡ್ರಿಂಕಾ ಅನ್ನೋದರಿಂದ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಈ ಕೊನೆಯ ಮಾತು ಮುಖ್ಯ. ಸ್ಪೋರ್ಟ್ಸ್ ಡ್ರಿಂಕಲ್ಲಿ ಸೋಡಿಯಂ ಇದೆ ನಿಜ, ಲೀಟರಿಗೆ ಅರ್ಧ ಗ್ರಾಂ ಆಸುಪಾಸು. ರಕ್ತದಲ್ಲಿರೋದು ಲೀಟರಿಗೆ 3 ಗ್ರಾಂಗಿಂತ ಹೆಚ್ಚು. ಹಾಗಾಗಿ ಸ್ಪೋರ್ಟ್ಸ್ ಡ್ರಿಂಕನ್ನೂ ಮಿತಿ ಮೀರಿ ಕುಡಿದ್ರೆ ರಕ್ತ ತೆಳುವಾಗುತ್ತೆ. ಆದ್ದರಿಂದ ಯಾವುದನ್ನ ಕುಡೀಬೇಕು ಅನ್ನೋದು ಎರಡನೇ ಪ್ರಶ್ನೆ, ಎಷ್ಟು ಅನ್ನೋದೇ ಮೊದಲನೇದು.

ಎಷ್ಟು ಅನ್ನೋದಕ್ಕೆ 2015ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರೋ ಕಾರ್ಲ್ಸ್‌ಬಾಡ್‌ನಲ್ಲಿ ಈ ವಿಷಯದ ತಜ್ಞರು ಸೇರಿ ಕೊಟ್ಟ ಸಲಹೆ ನಮ್ಮ ಅಜ್ಜಿ ಹೇಳೋ ಥರಾನೇ ಇದೆ: ಬಾಯಾರಿದಾಗ ಕುಡೀರಿ. ಗಂಟೆ ನೋಡಿ ಅಲ್ಲ. "ಬಾಯಾರಿಕೆ ಆಗೋಷ್ಟರಲ್ಲಿ ತಡವಾಗಿರುತ್ತೆ" ಅಂತ ಜಿಮ್ಮಲ್ಲಿ, ರೀಲ್ಸಲ್ಲಿ ಕೇಳಿದ್ದೀವಲ್ಲ, ಆರೋಗ್ಯವಾಗಿರೋ ಹರೆಯದವರಿಗೆ ಅದು ಅಷ್ಟು ಸರಿ ಇಲ್ಲ. ವಯಸ್ಸಾದವರಿಗೆ ಮಾತ್ರ ಬಾಯಾರಿಕೆ ಸರಿಯಾಗಿ ಗೊತ್ತಾಗೋದಿಲ್ಲ. ಅಪ್ಪ ಅಮ್ಮನ ಜೊತೆ ಬೆಟ್ಟಕ್ಕೆ ಹೋದ್ರೆ ಅವರಿಗೆ ನೀವೇ ಕೇಳಿ ಕೇಳಿ ಕೊಡಬೇಕು.

ಇದನ್ನ ಕೇಳಿ ಅರ್ಧ ಲೀಟರ್ ಬಾಟಲ್ ಹಿಡ್ಕೊಂಡು ಹೊರಟುಬಿಡಬೇಡಿ ಮತ್ತೆ. ನಮ್ಮ ಕಡೆ ಬೆಟ್ಟಗಳಲ್ಲಿ ಜಾಸ್ತಿ ಕಾಣೋದು ನೀರು ಸಾಲದೇ ಬೀಳೋರನ್ನೇ. ಸಾವನದುರ್ಗ ನೋಡಿದೀರಲ್ಲ, ಇಡೀ ಬೆಟ್ಟ ಒಂದೇ ಬಂಡೆ. ಏಪ್ರಿಲ್‌ನಲ್ಲಿ ಹನ್ನೊಂದು ಗಂಟೆಗೆ ಆ ಕಲ್ಲು ದೋಸೆ ಕಾವಲಿ. ಮೇಲೆ ಕುಡಿಯೋ ನೀರಿಲ್ಲ. ಅಲ್ಲಿ ಒಂದು ಬಾಟಲನ್ನ ಮೂರು ಜನ ಹಂಚ್ಕೊಂಡು ಹತ್ತೋರನ್ನ ನಾನೇ ನೋಡಿದ್ದೀನಿ. ನೀರು ಕಮ್ಮಿಯಾದ್ರೆ ಬಾಯಿ ಒಣಗುತ್ತೆ, ಮೂತ್ರ ಗಾಢ ಹಳದಿ, ಎದೆ ಬಡಿತ ಜೋರು, ಎದ್ದು ನಿಂತ್ರೆ ತಲೆ ಸುತ್ತು. ನೀರು ಜಾಸ್ತಿಯಾದ್ರೆ ಹೊಟ್ಟೆ ಉಬ್ಬರ, ಊದಿದ ಬೆರಳು, ಬಾಯಾರಿಕೆಯೇ ಇಲ್ಲ. ತಲೆನೋವು, ವಾಂತಿ, ಸುಸ್ತು ಎರಡರಲ್ಲೂ ಇದೆ, ಅದಕ್ಕೇ ನಾನು ಮೋಸ ಹೋಗಿದ್ದು. ಮಾತು ತೊದಲೋದು, ಎಲ್ಲಿದ್ದೀವಿ ಅಂತ ಗೊತ್ತಾಗದೇ ಇರೋದು ಶುರುವಾದ್ರೆ ಯಾವುದು ಅಂತ ನೀವು ತೀರ್ಮಾನ ಮಾಡೋಕೆ ಕೂರಬೇಡಿ. ಕೆಳಗಿಳಿಸಿ, ಆಸ್ಪತ್ರೆಗೆ ಸೇರಿಸಿ. ಮೈ ಸುಡ್ತಿದ್ರೆ ನೆರಳಿಗೆ ತಂದು ನೀರು ಸುರಿದು ಗಾಳಿ ಹಾಕಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಸುರೀಬೇಡಿ.

ನಿಮ್ಮ ಬೆವರಿನ ಲೆಕ್ಕ ನೀವೇ ಹಾಕ್ಕೋಬಹುದು. ಅಕೌಂಟ್ಸ್ ಓದಿದವರಿಗೆ ಇದು ತುಂಬ ಇಷ್ಟ ಆಗುತ್ತೆ. ನಾನು ಸಾವನದುರ್ಗಕ್ಕೆ ಹೋಗುವ ಮುಂಚೆ ಮನೆಯಲ್ಲಿ ತೂಕ ನೋಡ್ಕೊಂಡೆ, 61 ಕೆಜಿ. ಅದು ಓಪನಿಂಗ್ ಬ್ಯಾಲೆನ್ಸ್. ಒಂದೂವರೆ ಲೀಟರ್ ಕುಡಿದೆ, ಅಂದ್ರೆ ಒಂದೂವರೆ ಕೆಜಿ ಜಮೆ. ವಾಪಸ್ ಬಂದು ಒದ್ದೆ ಬಟ್ಟೆ ಬದಲಾಯಿಸಿ ತೂಗಿದ್ರೆ 60.1. ಮಧ್ಯೆ ಮೂತ್ರಕ್ಕೆ ಹೋಗಿರಲಿಲ್ಲ. ಹಾಗಾದ್ರೆ ಬೆವರಾಗಿ ಹೋಗಿದ್ದು 2.4 ಲೀಟರ್, ನಾಲ್ಕು ಗಂಟೆಗೆ. ಗಂಟೆಗೆ 600 ಮಿಲಿ. ಅಷ್ಟನ್ನೂ ಕುಡಿದು ತುಂಬಿಸಬೇಕಿಲ್ಲ. ಒಂದು ಕೆಜಿ ಕಮ್ಮಿಯಾಗಿ ಮನೆಗೆ ಬಂದ್ರೆ ಏನೂ ಆಗಲ್ಲ, ರಾತ್ರಿ ಊಟದಲ್ಲಿ ಸರಿಹೋಗುತ್ತೆ. ತೂಕದ ಶೇಕಡಾ 2ಕ್ಕಿಂತ ಹೆಚ್ಚು ಇಳಿದಿದ್ರೆ ಮುಂದಿನ ಸಲ ಇನ್ನಷ್ಟು ನೀರು ಹೊತ್ಕೊಳ್ಳಿ. ತೂಕ ಏರಿದ್ರೆ ನೀವು ನಮ್ಮ ಹುಡುಗನ ದಾರಿಯಲ್ಲಿದ್ದೀರಿ.

ಒಆರ್‌ಎಸ್ ಪೊಟ್ಟಣದ ಕಥೆ

ಈಗ ಯಾವುದು ಕುಡೀಬೇಕು ಅನ್ನೋದಕ್ಕೆ ಬರೋಣ. ನನ್ನ ಬ್ಯಾಗಲ್ಲಿ ಯಾವಾಗಲೂ ಇರೋದು ಮೆಡಿಕಲ್ ಶಾಪಿನ ಒಆರ್‌ಎಸ್ ಪುಡಿ. ಸುಮಾರು 20 ರೂಪಾಯಿಯ ಪೊಟ್ಟಣ. ಇದರ ಹಿಂದೆ ಒಂದು ಕಥೆ ಇದೆ, ಟ್ರೆಕ್‌ಗೆ ಸಂಬಂಧ ಇಲ್ಲದಿದ್ರೂ ಹೇಳಲೇಬೇಕು ಅನ್ಸುತ್ತೆ.

1971. ಬಾಂಗ್ಲಾದೇಶದ ಯುದ್ಧದ ವರ್ಷ. ಗಡಿ ದಾಟಿ ಬಂದ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳದ ಶಿಬಿರಗಳಲ್ಲಿ. ಕಾಲರಾ ಹಬ್ಬಿತು. ಬನಗಾಂವ್ ಆಸ್ಪತ್ರೆಯಲ್ಲಿ ಡ್ರಿಪ್ ಬಾಟಲುಗಳು ಮುಗೀತಾ ಬಂದವು. ಅಲ್ಲಿದ್ದ ಡಾ. ದಿಲೀಪ್ ಮಹಲನಬಿಸ್ ಅನ್ನೋ ವೈದ್ಯರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಲೆಕ್ಕವಾಗಿ ನೀರಿಗೆ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಟ್ರು. ರೋಗಿಯ ಅಮ್ಮ, ಅಕ್ಕ, ಯಾರಿದ್ದಾರೋ ಅವರೇ ಲೋಟದಲ್ಲಿ ಹಿಡಿದು ಕುಡಿಸಲಿ ಅಂದ್ರು. ಶಿಬಿರದಲ್ಲಿ ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ, ಅವರ ಆರೈಕೆಯಲ್ಲಿದ್ದವರಲ್ಲಿ ಶೇಕಡಾ 4ಕ್ಕಿಂತ ಕೆಳಗೆ ಬಂತು. 1978ರಲ್ಲಿ ಲ್ಯಾನ್ಸೆಟ್ ಪತ್ರಿಕೆ, ಇದು ಈ ಶತಮಾನದ ಅತಿ ಮುಖ್ಯ ವೈದ್ಯಕೀಯ ಸಾಧನೆ ಇರಬಹುದು ಅಂತ ಬರೀತು. ಮಹಲನಬಿಸ್ 2022ರಲ್ಲಿ ತೀರಿಕೊಂಡ್ರು. ಪದ್ಮವಿಭೂಷಣ ಬಂದಿದ್ದು 2023ರಲ್ಲಿ, ಅವರು ಹೋದಮೇಲೆ.

ಉಪ್ಪಿನ ಜೊತೆ ಸಕ್ಕರೆ ಯಾಕೆ ಅಂತ ಕೇಳ್ತೀರಿ. ರುಚಿಗೆ ಅಲ್ಲ. ನಮ್ಮ ಸಣ್ಣ ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ ಅಂದ್ಕೊಳ್ಳಿ, ಅದು ಸೋಡಿಯಂ ಮತ್ತು ಗ್ಲೂಕೋಸನ್ನ ಜೋಡಿಯಾಗಿ ಒಳಗೆ ಬಿಡುತ್ತೆ. ಆ ಜೋಡಿ ಹಿಂದೆಯೇ ನೀರು ಹೋಗುತ್ತೆ. ಅದಕ್ಕೆ ಸಕ್ಕರೆ ಸ್ವಲ್ಪ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. ಒಟ್ಟು 20.5 ಗ್ರಾಂ. ಸಕ್ಕರೆ ಜಾಸ್ತಿಯಾದ್ರೆ ಉಲ್ಟಾ ಆಗುತ್ತೆ. ಹೊಟ್ಟೆಯಿಂದ ಮುಂದಕ್ಕೆ ಹೋಗೋದೇ ನಿಧಾನ ಆಗುತ್ತೆ, ಹತ್ತುವಾಗ ಒಳಗೆ ಗುಳುಗುಳು ಅನ್ನುತ್ತೆ.

ಹಾಗಾಗಿ ಲೇಬಲ್ ಓದೋದು ಕಲೀರಿ. ಟೆಟ್ರಾ ಪ್ಯಾಕಲ್ಲಿ ಹಣ್ಣಿನ ಚಿತ್ರ ಹಾಕಿ, ಹೆಸರಲ್ಲಿ ಒಆರ್‌ಎಸ್ ಅಂತ ಸೇರಿಸಿ ಮಾರುತ್ತಿದ್ದ ಸಿಹಿ ಪಾನೀಯಗಳ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ್ರು. ಅವುಗಳಲ್ಲಿ ಸಕ್ಕರೆ ಈ ಸೂತ್ರಕ್ಕಿಂತ ಹಲವು ಪಟ್ಟು ಹೆಚ್ಚು. ಕೊನೆಗೆ 2025ರ ಅಕ್ಟೋಬರಲ್ಲಿ ಎಫ್‌ಎಸ್‌ಎಸ್‌ಎಐ, ಪಾನೀಯಗಳ ಹೆಸರಲ್ಲಿ ಆ ಪದ ಬಳಸೋ ಹಾಗಿಲ್ಲ ಅಂತ ಆದೇಶ ಹೊರಡಿಸ್ತು. ಅಂಗಡಿಯಲ್ಲಿ ಕೇಳುವಾಗ "ಡಬ್ಲ್ಯುಎಚ್‌ಒ ಸೂತ್ರದ ಪುಡಿ ಕೊಡಿ" ಅಂತ ಕೇಳಿ, ಪೊಟ್ಟಣದ ಹಿಂದೆ ಈ ಅಳತೆ ಇದೆಯಾ ನೋಡಿ.

ಬೆರೆಸೋದರಲ್ಲಿ ಎಲ್ಲರೂ ಮಾಡೋ ತಪ್ಪು ಒಂದಿದೆ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ. 4 ಗ್ರಾಂ ಚಿಲ್ಲರೆಯ ಚಿಕ್ಕ ಪೊಟ್ಟಣ 200 ಮಿಲಿಗೆ. ಅರ್ಧ ಪುಡಿ ಒಂದು ಲೋಟಕ್ಕೆ, ಇನ್ನರ್ಧ ಆಮೇಲೆ ಅಂತ ಅಂದಾಜಿಗೆ ಹಾಕಬೇಡಿ. ಇದು ಭೇದಿಗೆ ಅಂತ ಮಾಡಿದ ಸೂತ್ರ ಆದ್ದರಿಂದ ಸೋಡಿಯಂ ಬೆವರಿಗಿಂತ ಸ್ವಲ್ಪ ಜಾಸ್ತಿ, ಲೀಟರಿಗೆ 1.7 ಗ್ರಾಂ. ಬೆಟ್ಟಕ್ಕೆ ನನ್ನ ಪದ್ಧತಿ ಒಂದು ಬಾಟಲ್ ಒಆರ್‌ಎಸ್, ಎರಡು ಬಾಟಲ್ ಸಾದಾ ನೀರು. ಎರಡು ಮೂರು ಗಂಟೆಯ ಸಣ್ಣ ಬೆಟ್ಟಕ್ಕೆ ಇದೂ ಬೇಡ. ತಿಂಡಿ ತಿಂದು ಹೊರಟಿದ್ರೆ ನೀರೇ ಸಾಕು.

ಗ್ಲೂಕೋಸ್ ಪುಡಿ? ಅದರಲ್ಲಿ ಇರೋದು ಹೆಚ್ಚುಕಮ್ಮಿ ಪೂರ್ತಿ ಗ್ಲೂಕೋಸೇ, ಉಪ್ಪು ಹೆಸರಿಗೆ. ಕೋಲಾದಲ್ಲಿ 100 ಮಿಲಿಗೆ 10 ಗ್ರಾಂ ದಾಟಿ ಸಕ್ಕರೆ, ಇಳಿದು ಬಂದಮೇಲೆ ಬಸ್ ಸ್ಟ್ಯಾಂಡಲ್ಲಿ ಕುಡೀರಿ. ಎನರ್ಜಿ ಡ್ರಿಂಕ್‌ಗೆ ನಮ್ಮಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ ಹಾಕಬಹುದು ಅಂತ ನಿಯಮ ಇದೆ. ಎದೆ ಆಗಲೇ ಢವಢವ ಅಂತಿರುವಾಗ ಅದು ಯಾಕೆ ಬೇಕು ಹೇಳಿ. ಬಿಯರ್ ಬಗ್ಗೆ ಕೇಳೋರಿಗೆ: ಬೇಡ, ಬೆಟ್ಟದ ಮೇಲೆ ಅಂತೂ ಬೇಡವೇ ಬೇಡ.

ಕಾಫಿ ಟೀ ಬಿಟ್ಟುಬಿಡಬೇಕಾ ಅಂತ ಕೇಳ್ತಾರೆ. ಬೇಕಿಲ್ಲ. 2016ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಅಧ್ಯಯನದಲ್ಲಿ 72 ಜನರಿಗೆ ಬೇರೆ ಬೇರೆ ಪಾನೀಯ ಕುಡಿಸಿ, ಆಮೇಲೆ ಎಷ್ಟು ಮೂತ್ರವಾಗಿ ಹೋಯ್ತು ಅಂತ ಅಳೆದ್ರು. ಟೀ, ಕಾಫಿಗೂ ನೀರಿಗೂ ವ್ಯತ್ಯಾಸ ಸಿಗಲಿಲ್ಲ. ದೇಹದಲ್ಲಿ ಜಾಸ್ತಿ ಹೊತ್ತು ಉಳಿದಿದ್ದು ಒಆರ್‌ಎಸ್ ಮತ್ತು ಹಾಲು. ಹಾಲಿನಲ್ಲಿ ಸೋಡಿಯಂ, ಪೊಟ್ಯಾಸಿಯಂ, ಪ್ರೋಟೀನ್ ಎಲ್ಲ ಇರೋದು ಕಾರಣ.

ಮನೆಯಿಂದಲೇ ಕಟ್ಕೊಂಡು ಹೋಗೋದು

ಹಾಲು ಅಂದ ತಕ್ಷಣ ನನಗೆ ಮಜ್ಜಿಗೆ ನೆನಪಾಯ್ತು. ಉಪ್ಪು ಹಾಕಿದ ನೀರುಮಜ್ಜಿಗೆ. ನನ್ನ ಪ್ರಕಾರ ನಮ್ಮ ಹವೆಗೆ ಇದಕ್ಕಿಂತ ಒಳ್ಳೆ ಟ್ರೆಕ್ ಡ್ರಿಂಕ್ ಇಲ್ಲ. ಒಂದು ಲೋಟ ಮೊಸರಿಗೆ ನಾಲ್ಕು ಲೋಟ ನೀರು, ಚೆನ್ನಾಗಿ ಕಡೆದು, ಒಂದು ಲೀಟರಿಗೆ ಅರ್ಧ ಟೀ ಚಮಚ ಉಪ್ಪು, ಮಟ್ಟವಾಗಿ, ಗುಪ್ಪೆಯಾಗಿ ಅಲ್ಲ. ಜಜ್ಜಿದ ಶುಂಠಿ, ಕರಿಬೇವು, ಚಿಟಿಕೆ ಇಂಗು. ಅರ್ಧ ಚಮಚ ಉಪ್ಪಲ್ಲಿ ಸೋಡಿಯಂ ಸುಮಾರು 1 ಗ್ರಾಂ. ಮೇಲೆ ಹೇಳಿದ ಸರಾಸರಿ ಬೆವರಿಗೆ ಸರಿಸಮ. ಅಜ್ಜಿಯರು ಲ್ಯಾಬಿಗೆ ಹೋಗದೇ ಈ ಅಳತೆಗೆ ಹೇಗೆ ಬಂದ್ರೋ! ಒಂದೇ ತೊಂದರೆ, ಬಿಸಿಲಲ್ಲಿ ಬೇಗ ಹುಳಿಯಾಗುತ್ತೆ. ಬೆಳಿಗ್ಗೆ ಹತ್ತರ ಒಳಗೆ ಮುಗಿಸಿಬಿಡಿ. ಗಿರಿಗದ್ದೆ ಥರ ದಾರಿಯಲ್ಲೇ ಮಜ್ಜಿಗೆ ಸಿಗೋ ಕಡೆ ಹೊತ್ತುಕೊಳ್ಳೋ ಕೆಲಸವೂ ಇಲ್ಲ.

ಮಜ್ಜಿಗೆ ಆಗದವರಿಗೆ ನಿಂಬೆ ಶರಬತ್ತು. ಒಂದು ಲೀಟರ್ ನೀರು, ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇದು ಮನೆಯಲ್ಲೇ ಮಾಡೋ ಒಆರ್‌ಎಸ್‌ಗೆ ಹೇಳೋ ಅಳತೆಯೇ, ಮೇಲೆ ನಿಂಬೆಹಣ್ಣು ಹಿಂಡಿ ಅಷ್ಟೇ. ರಾಮನವಮಿ ಪಾನಕ ಕೂಡ ಆಗುತ್ತೆ, ಆದರೆ ಹಬ್ಬದ ಪಾನಕದ ಸಿಹಿ ಬೆಟ್ಟಕ್ಕೆ ಜಾಸ್ತಿ. ಬೆಲ್ಲ ಅರ್ಧಕ್ಕೆ ಇಳಿಸಿ, ಉಪ್ಪು ಸೇರಿಸಿ. ಕರಾವಳಿಯವರು ಪುನರ್ಪುಳಿ ಶರಬತ್ತಿಗೂ ಹೀಗೇ ಮಾಡಬಹುದು.

ಎಳನೀರು ಬಗ್ಗೆ ಹೇಳಿದ್ರೆ ಮಂಡ್ಯ, ಮದ್ದೂರಿನವರು ನನ್ನ ಮೇಲೆ ಸಿಟ್ಟಾಗ್ತೀರೇನೋ. ಎಳನೀರು ಒಳ್ಳೇದೇ. ಆದರೆ ಅದರಲ್ಲಿ ಜಾಸ್ತಿ ಇರೋದು ಪೊಟ್ಯಾಸಿಯಂ, ಬೆವರಲ್ಲಿ ಜಾಸ್ತಿ ಹೋಗೋದು ಸೋಡಿಯಂ. ಎಳನೀರು ಕುಡಿದು ಜೊತೆಗೆ ಉಪ್ಪು ಖಾರ ಹಚ್ಚಿದ ಸೌತೆಕಾಯಿ ತಿಂದ್ರೆ ಲೆಕ್ಕ ಸರಿಹೋಗುತ್ತೆ.

ನನಗೆ ಜಾಸ್ತಿ ಹೇಳಬೇಕು ಅನ್ಸೋದು ಗಂಜಿ ಮತ್ತು ಅಂಬಲಿ ಬಗ್ಗೆ. ದಕ್ಷಿಣ ಕನ್ನಡದ ಕಡೆ ಗದ್ದೆ ಕೆಲಸದವರು ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ತಿಳಿ ಸಮೇತ, ಉಪ್ಪಿನಕಾಯಿ ನಂಚಿಕೊಂಡು ಉಣ್ಣುತ್ತಾರೆ. ಬಯಲುಸೀಮೆಯಲ್ಲಿ ರಾಗಿ ಅಂಬಲಿಗೆ ಮಜ್ಜಿಗೆ, ಉಪ್ಪು, ಹಸಿ ಈರುಳ್ಳಿ. ಬಿಸಿಲಲ್ಲಿ ದಿನವಿಡೀ ಬಗ್ಗಿ ದುಡಿಯೋರು ಇದನ್ನ ಸುಮ್ಮನೆ ಹಿಡಿದುಕೊಂಡಿಲ್ಲ. ನೀರಿದೆ, ಉಪ್ಪಿದೆ, ನಿಧಾನವಾಗಿ ಕರಗೋ ಪಿಷ್ಟ ಇದೆ. ಅಕ್ಕಿಯಿಂದ ಮಾಡಿದ ಒಆರ್‌ಎಸ್ ಕಾಲರಾ ರೋಗಿಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ವೈದ್ಯರೇ ಪರೀಕ್ಷಿಸಿ ನೋಡಿದ್ದಾರೆ. ನಾವು ಮಾತ್ರ ನೂರು ಇನ್ನೂರು ಕೊಟ್ಟು ಎಲೆಕ್ಟ್ರೋಲೈಟ್ ಮಾತ್ರೆ ತರಿಸ್ಕೊಳ್ತೀವಿ. ಆ ಮಾತ್ರೆ ಕೆಟ್ಟದ್ದು ಅಂತಲ್ಲ, ಹಗುರ, ಬ್ಯಾಗಲ್ಲಿ ಜಾಗ ಬೇಡ. ಕೊಳ್ಳುವಾಗ ಒಂದು ಮಾತ್ರೆಗೆ ಎಷ್ಟು ಸೋಡಿಯಂ ಅಂತ ನೋಡಿ. ಕೆಲವದರಲ್ಲಿ ಬಣ್ಣ, ಪರಿಮಳ, ವಿಟಮಿನ್ ಇರುತ್ತೆ, ಸೋಡಿಯಂ ಹುಡುಕಬೇಕು.

ಅಂಬಲಿ ಮಾತು ಬಂದಿದ್ದಕ್ಕೆ ಇನ್ನೊಂದು. ಉಪ್ಪು ಕುಡಿದೇ ಒಳಗೆ ಹೋಗಬೇಕು ಅಂತೇನಿಲ್ಲ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ಗೆ ನಡೆಯೋಕೆ ಬರೋರಿಗೆ ಅಲ್ಲಿಯ ಪಾರ್ಕಿನವರು ನೀರಿನ ಜೊತೆ ಉಪ್ಪು ತಿಂಡಿ ತಿನ್ನಿ ಅಂತಲೇ ಎಚ್ಚರಿಸ್ತಾರೆ. ನಮ್ಮಲ್ಲಿ ಚಕ್ಕುಲಿ, ಕೋಡುಬಳೆ, ಉಪ್ಪುಗಡಲೆ, ಚಿತ್ರಾನ್ನ, ಪುಳಿಯೋಗರೆ ಏನು ಬೇಕಾದ್ರೂ ಇದೆ. ಅವತ್ತು ನಮ್ಮ ಹುಡುಗ ಎಲ್ಲರ ಜೊತೆ ಪುಳಿಯೋಗರೆ ತಿಂದಿದ್ರೆ ಬಹುಶಃ ಅಷ್ಟು ಕೆಡ್ತಿರಲಿಲ್ಲ.

ಹಳ್ಳದ ನೀರು

ಒಂದು ಎಚ್ಚರಿಕೆ ಬಾಕಿ ಇದೆ. ನೀರು ಮುಗಿದಾಗ ಹಳ್ಳಕ್ಕೆ ಬಾಟಲ್ ಹಿಡಿಯೋದು. ಕಲ್ಲು ಮಂಟಪದ ಹತ್ತಿರ ನೀರಿದೆ, ಬೇಸಿಗೆಯಲ್ಲಿ ಅದನ್ನ ನಂಬೋ ಹಾಗಿಲ್ಲ, ಬತ್ತಿಹೋಗುತ್ತೆ. ಹಾಗಾಗಿ ಗಿರಿಗದ್ದೆಯಲ್ಲೇ ಮೂರು ಲೀಟರ್ ತುಂಬ್ಕೊಂಡು ಹೊರಡಿ. ನೀರು ಕನ್ನಡಿಯ ಹಾಗೆ ತಿಳಿಯಾಗಿದೆ ಅಂದ್ರೆ ಶುದ್ಧ ಅಂತ ಅಲ್ಲ. ಮೇಲೆಲ್ಲೋ ದನ, ಕಾಡುಪ್ರಾಣಿ, ನಮ್ಮಂಥವರೇ ಯಾರೋ ಕೊಳಕು ಮಾಡಿರಬಹುದು. ಕರಾವಳಿ, ಮಲೆನಾಡಿನ ಕಡೆ ಇಲಿ ಜ್ವರದ ಭಯ ಇದ್ದೇ ಇದೆ, ಅದು ಇಲಿ ಮತ್ತಿತರ ಪ್ರಾಣಿಗಳ ಮೂತ್ರ ಸೇರಿದ ನೀರಿಂದ ಬರುತ್ತೆ. ಕುದಿಸಿ ಕುಡೀರಿ, ಇಲ್ಲವೇ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಿರಿ. ಆ ಅರ್ಧ ಗಂಟೆ ಯಾರೂ ಕಾಯಲ್ಲ, ನನಗೂ ಗೊತ್ತು. ಆದರೂ ಕಾಯಿರಿ. ಒಆರ್‌ಎಸ್ ಪುಡಿ ಬೆರೆಸೋದು ಅದಾದ ಮೇಲೆ.

ಇನ್ನು ನಿಮ್ಮ ವಾಯ್ಸ್ ನೋಟ್‌ಗಳು. ಈ ವಿಷಯ ಮಾಡ್ತೀನಿ ಅಂದಾಗ ಬಂದವುಗಳಲ್ಲಿ ಎರಡು ತಗೊಳ್ತೀನಿ.

ಹುಬ್ಬಳ್ಳಿಯಿಂದ ಒಬ್ಬರು ಕೇಳಿದ್ದಾರೆ: "ನಮ್ಮಪ್ಪಗ ಬಿಪಿ ಐತ್ರಿ. ಯಾಣಕ್ಕ ಹೊಂಟೀವಿ. ಉಪ್ಪು ಹಾಕಿದ್ದು ಕುಡಿಸಬಹುದೇನ್ರಿ?" ನೋಡಿ, ಬಿಪಿ, ಕಿಡ್ನಿ, ಹೃದಯದ ತೊಂದರೆ ಇರೋರಿಗೆ, ಮೂತ್ರ ಹೆಚ್ಚಿಸೋ ಮಾತ್ರೆ ತಗೊಳ್ಳೋರಿಗೆ ನಾನು ಹೇಳಿದ ಉಪ್ಪಿನ ಲೆಕ್ಕ ಅನ್ವಯಿಸಲ್ಲ. ಹೋಗೋ ಮುಂಚೆ ಅವರ ಡಾಕ್ಟರನ್ನೇ ಕೇಳಿ, ಯಾವ ಮಾತ್ರೆ ತಗೊಳ್ತಿದ್ದಾರೆ ಅಂತ ಚೀಟಿ ತೋರಿಸಿ ಕೇಳಿ. ಅಪ್ಪನ್ನ ಬೆಳಿಗ್ಗೆ ಬೇಗ ಹತ್ತಿಸಿ, ಬಿಸಿಲೇರೋ ಮುಂಚೆ ಇಳಿಸಿಬಿಟ್ರೆ ಅರ್ಧ ಸಮಸ್ಯೆ ಇರೋದೇ ಇಲ್ಲ.

ಇನ್ನೊಬ್ಬರು ಬೆಂಗಳೂರಿಂದ, ಹುಡುಗಿಯರ ಒಂದು ಗುಂಪು: "ದಾರಿಯಲ್ಲಿ ಟಾಯ್ಲೆಟ್ ಇರಲ್ಲ ಅಂತ ನಾವು ನೀರೇ ಕುಡಿಯಲ್ಲ. ಏನು ಮಾಡೋದು?" ಇದನ್ನ ಕೇಳಿ ನನಗೆ ಬೇಜಾರಾಯ್ತು, ಯಾಕಂದ್ರೆ ನಾನೂ ವರ್ಷಗಟ್ಟಲೆ ಹಾಗೇ ಮಾಡಿದ್ದೀನಿ. ಹೀಗೆ ನೀರು ಬಿಟ್ಟು ಹತ್ತಿದ್ರೆ ಒಂದು ಕಡೆ ಬಿಸಿಲಲ್ಲಿ ತಲೆ ಸುತ್ತು, ಇನ್ನೊಂದು ಕಡೆ ಉರಿಮೂತ್ರ. ಹೊರಡೋ ಮುಂಚೆ ಎರಡು ಲೋಟ ಒಟ್ಟಿಗೆ ಕುಡಿಯೋ ಬದಲು ದಾರಿಯಲ್ಲಿ ಬಾಯಾರಿದಾಗ ಎರಡೆರಡು ಗುಟುಕು ಕುಡೀರಿ. ಬೆವರು ಹರೀತಿರುವಾಗ ಅಷ್ಟು ಬೇಗ ಹೋಗಬೇಕು ಅನ್ಸೋದಿಲ್ಲ. ನಾಲ್ಕು ಜನ ಇದ್ರೆ ದುಪ್ಪಟ್ಟಾ ಅಡ್ಡ ಹಿಡಿದು ಒಬ್ಬೊಬ್ಬರಾಗಿ ಹೋಗಿಬನ್ನಿ, ನೀರಿನ ಮೂಲದಿಂದ ದೂರದಲ್ಲಿ. ಬಳಸಿದ ಟಿಶ್ಯೂ ಕವರಲ್ಲಿ ಕಟ್ಟಿ ವಾಪಸ್ ತನ್ನಿ. ಟಿಕೆಟ್ ದುಡ್ಡು ತಗೊಳ್ಳೋ ಕಡೆಯಾದ್ರೂ ಬೆಟ್ಟದ ಬುಡದಲ್ಲಿ ಬಾಗಿಲು ಮುಚ್ಚೋಕೆ ಬರೋ ಒಂದು ಶೌಚಾಲಯ ಇರಲಿ ಅಂತ ಕೇಳೋದು ಅತಿಯಾಸೆ ಏನಲ್ಲ. ಬುಕಿಂಗ್ ಮಾಡುವಾಗ ಫೀಡ್‌ಬ್ಯಾಕ್ ಬರೆಯೋ ಜಾಗ ಇದ್ರೆ ಅಲ್ಲಿ ಬರೀರಿ, ನಾನೂ ಬರೀತಿದ್ದೀನಿ.

ನಮ್ಮ ಹುಡುಗ ಈ ತಿಂಗಳ ಕೊನೆಗೆ ಮತ್ತೆ ಬೆಟ್ಟಕ್ಕೆ ಹೊರಟಿದ್ದಾನೆ. ಆ ಆ್ಯಪ್ ತೆಗೆದುಹಾಕಿದ್ದಾನೆ. ಚಿಕ್ಕಮ್ಮ ಅವನ ಬ್ಯಾಗಿಗೆ ಉಪ್ಪಿನಕಾಯಿ ಬಾಟಲನ್ನೇ ಇಟ್ಟಿದ್ದಾರಂತೆ, ಗಾಜಿನದ್ದು. ಅದನ್ನ ಪ್ಲಾಸ್ಟಿಕ್ ಡಬ್ಬಿಗೆ ಹಾಕ್ಕೊಳ್ಳೋ ಅಂತ ಹೇಳಿದ್ದೀನಿ. ಮುಂದಿನ ವಾರ ಶೂ ಬಗ್ಗೆ ಮಾತಾಡೋಣ, ಸಿಗ್ತೀನಿ.